ತೊಂಬತ್ತಾರಾದ ಮೇಲೆ ನೂರಹದಿಮೂರು

ಬೇಸಿಗೆ ರಜೆಗೆ ಮುಂಚೆ ಶಾಲೆಯವರು ಮನೆಗೊಂದರಂತೆ ಒಂದೇ ಕಾದಂಬರಿಯನ್ನು ಹಂಚಿದರು. ದೊಡ್ಡವರು ಚಿಕ್ಕವರು ಎನ್ನದೆ ಮನೆಮಂದಿಯೆಲ್ಲ ಓದಬೇಕು, ಶಾಲೆ ತೆರೆಯುವ ದಿನ ಸಭಾಂಗಣದಲ್ಲಿ ಕೂತು ಮಾತಾಡಬೇಕು ಎಂದು ಅಪ್ಪಣೆ.

ಪುಸ್ತಕಕ್ಕೆ ಬೈಂಡು ಹಾಕುವ ಕೆಲಸದ ಒಬ್ಬ ತಾಯಿ ಹೊಲಿದ ಪುಸ್ತಕಗಳಿಗೆ ಲೆಕ್ಕವಿಲ್ಲ, ಓದಿದವು ಬೆರಳೆಣಿಕೆಯಷ್ಟು. ಮಗಳಿಗಿಂತ ಮೊದಲು ಮುಗಿಸಿ ಜಂಬ ಕೊಚ್ಚಿಕೊಳ್ಳುವ ಆಸೆಗೆ ಊಟದ ಬಿಡುವಿನಲ್ಲಿ ಓದಲು ಕೂತಳು. ಎಂಟನೇ ಅಧ್ಯಾಯಕ್ಕೆ ಬಂದಾಗ ಪುಸ್ತಕವನ್ನು ಪಟ್ಟನೆ ಮುಚ್ಚಿದಳು. ಸಾಕಿದವಳು ತನ್ನನ್ನು ಹೆತ್ತವಳಲ್ಲ ಎಂಬುದು ಕಥೆಯ ಹುಡುಗಿಗೆ ಅಲ್ಲಿ ತಿಳಿಯುತ್ತಿತ್ತು.

ಮನೆಯಲ್ಲಿದ್ದ ಹತ್ತು ವರ್ಷದ ಮಗಳ ಕಥೆಯೂ ಅದೇ. ಅವಳನ್ನು ಹೆತ್ತವಳು ಈ ತಾಯಿಯ ಅಕ್ಕ; ಹೆತ್ತ ಒಂಬತ್ತನೇ ದಿನ ಕಣ್ಣು ಮುಚ್ಚಿದ್ದಳು. ಕೂಸನ್ನು ನೋಡಿಕೊಳ್ಳಲು ಬಂದ ತಂಗಿ ಭಾವನನ್ನೇ ಮದುವೆಯಾಗಿ ಅಲ್ಲೇ ಉಳಿದಳು. ಗೋಡೆಯ ಮೇಲಿನ ಫೋಟೊದಲ್ಲಿದ್ದವಳು ಮಗಳ ಪಾಲಿಗೆ ದೊಡ್ಡಮ್ಮ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಹತ್ತು ವರ್ಷ ಉರುಳಿದ್ದವು.

ಅವತ್ತು ಸಂಜೆ ಬೈಂಡಿಂಗ್ ಅಂಗಡಿಯಿಂದ ಎಲ್ಲರೂ ಹೋದ ಮೇಲೆ ಅವಳು ಪುಸ್ತಕದ ರಟ್ಟು ಬಿಡಿಸಿ, ದಾರ ಕತ್ತರಿಸಿ, ಎಂಟನೇ ಅಧ್ಯಾಯವಿದ್ದ ಹದಿನಾರು ಪುಟಗಳ ಕಂತೆಯನ್ನು ಹೊರತೆಗೆದಳು. ಮತ್ತೆ ಹೊಲಿದು, ಗೋಂದು ಬಳಿದು ಒತ್ತಿಟ್ಟಳು. ಹೊರಗಿನಿಂದ ಕೂದಲೆಳೆಯಷ್ಟೂ ಗೊತ್ತಾಗುವಂತಿರಲಿಲ್ಲ.

ವಿಷಯ ತಿಳಿದ ಗಂಡ ತಲೆ ಚಚ್ಚಿಕೊಂಡ. "ನಮ್ಮನೇದು ಕಿತ್ತೆ, ಸರಿ. ಊರವರ ಮನೇದೆಲ್ಲ ಕೀಳ್ತೀಯೇನೆ? ಹೇಳಿಬಿಡೋಣ ಕಣೇ."

"ನೀವು ಸುಮ್ನಿರಿ. ಅವಳು ನನ್ನನ್ನ ಅಮ್ಮ ಅನ್ನೋದು ಬಿಟ್ರೆ ನಾನೇನ್ ಮಾಡ್ಲಿ?"

ವಾರ ಕಳೆದು ಮಗಳು ಪುಸ್ತಕ ಹಿಡಿದು ಬಂದಳು. "ಅಮ್ಮಾ, ತೊಂಬತ್ತಾರಾದ್ಮೇಲೆ ನೂರಹದಿಮೂರು ಬಂದಿದೆ."

"ಪ್ರೆಸ್ಸಿನವರ ಎಡವಟ್ಟು. ಇಂಥವು ಎಷ್ಟು ನೋಡಿಲ್ಲ ನಾನು!"

ಮಗಳು ಹೂಂ ಎಂದಳು, ಅಷ್ಟೇ. ಆಮೇಲೆ ಅವಳು ಗೆಳತಿಯ ಮನೆಗೆ ಹೊರಟಾಗಲೆಲ್ಲ ತಾಯಿ ಏನಾದರೊಂದು ಕೆಲಸ ಹೇಳಿ ತಡೆಯಲು ನೋಡುತ್ತಿದ್ದಳು.

ಶಾಲೆ ತೆರೆದ ದಿನ ಸಭಾಂಗಣ ಕಿಕ್ಕಿರಿದಿತ್ತು. "ಎಂಟನೇ ಅಧ್ಯಾಯದ ಬಗ್ಗೆ ಯಾರು ಮಾತಾಡ್ತೀರಿ?" ಎಂದರು ಟೀಚರ್. ಮಗಳ ಕೈ ಮೇಲೆದ್ದಿತು. ತಾಯಿ ಆ ಮುಂಗೈಯನ್ನು ಗಪ್ಪನೆ ಹಿಡಿದಳು.

"ಇಳಿಸು ಕೈ. ನಮ್ಮ ಪುಸ್ತಕದಲ್ಲಿ ಅದಿಲ್ಲ."

"ಗೊತ್ತು. ನಮ್ಮದರಲ್ಲಿ ಮಾತ್ರ ಇಲ್ಲ. ಗೆಳತಿ ಮನೇಲಿ ಓದಿದೆ."

ಟೀಚರ್ ಅವಳತ್ತ ಬೆರಳು ತೋರಿಸಿದರು. ತಾಯಿಯ ಹಿಡಿತ ತಾನಾಗಿ ಸಡಿಲಾಯಿತು. ಹುಡುಗಿ ಎದ್ದು ನಿಂತಳು. ಎಲ್ಲರ ಮುಖ ಈ ಕಡೆ ತಿರುಗಿತು.

"ಆ ಹುಡುಗಿಗೆ ಅಮ್ಮನ ಮೇಲೆ ಪ್ರೀತಿ ಕಮ್ಮಿ ಆಗಿರ್ಲಿಲ್ಲ ಮಿಸ್. ಎಲ್ರಿಗೂ ಗೊತ್ತಿದ್ದದ್ದು ತನಗೊಬ್ಬಳಿಗೆ ಗೊತ್ತಿರ್ಲಿಲ್ಲವಲ್ಲ, ಅದಕ್ಕೆ ಸಿಟ್ಟು." ಹಾಗೆಂದು ಅಮ್ಮನತ್ತ ನೋಡದೆ ಕೂತಳು.

ತಾಯಿ ಅವಳನ್ನು ಎಬ್ಬಿಸಿಕೊಂಡು ಹೊರಗೆ ಹೋದಳು. ಖಾಲಿ ಕಾರಿಡಾರಿನಲ್ಲಿ, ನೀರಿನ ನಲ್ಲಿಗಳ ಪಕ್ಕ, ಹತ್ತು ವರ್ಷ ಮುಚ್ಚಿಟ್ಟಿದ್ದ ಮಾತನ್ನು ತಡವರಿಸುತ್ತ ಹೇಳಿದಳು.

"ಫೋಟೊದಲ್ಲಿರೋ ದೊಡ್ಡಮ್ಮನಾ?"

"ಹೂಂ."

"ಅಪ್ಪನಾದ್ರೂ ನನ್ನಪ್ಪನೇ ತಾನೇ?"

"ಅಪ್ಪನೇ, ಪುಟ್ಟಿ."

"ಇನ್ಯಾರ್ಯಾರಿಗೆ ಗೊತ್ತು?"

ಅಜ್ಜಿಗೆ, ಮಾವನಿಗೆ, ಪಕ್ಕದ ಮನೆಯವರಿಗೆ ಎಂದು ತಾಯಿ ಒಬ್ಬೊಬ್ಬರನ್ನೇ ಹೇಳುತ್ತ ಹೋದಂತೆ ಮಗಳ ಮುಖ ಬಿಗಿಯುತ್ತ ಬಂತು. ಅಪ್ಪಿಕೊಳ್ಳಲು ಹೋದರೆ ಹಿಂದೆ ಸರಿದಳು.

ಮೂರು ದಿನ ಅವಳು ಅಮ್ಮನೊಡನೆ ಮಾತಾಡಲಿಲ್ಲ. ಬೇಕಾದ್ದನ್ನೆಲ್ಲ ಅಪ್ಪನ ಮೂಲಕ ಕೇಳಿದಳು.

ನಾಲ್ಕನೆಯ ದಿನ ಶಾಲೆ ಬಿಟ್ಟ ಹೊತ್ತಿಗೆ ಬೈಂಡಿಂಗ್ ಅಂಗಡಿಯ ಬಾಗಿಲಲ್ಲಿ ಬ್ಯಾಗು ಹೊತ್ತು ನಿಂತಿದ್ದಳು. ಒಳಗೆ ಬರಲಿಲ್ಲ.

"ಅಮ್ಮಾ, ಅವರ ಧ್ವನಿ ಹೇಗಿತ್ತು?"

ತಾಯಿ ಕೈಯಲ್ಲಿದ್ದ ಸೂಜಿಯನ್ನು ಪಕ್ಕಕ್ಕಿಟ್ಟು, ಪಕ್ಕದ ಸ್ಟೂಲಿನ ಮೇಲಿದ್ದ ಕಾಗದಗಳನ್ನೆತ್ತಿ ಜಾಗ ಮಾಡಿದಳು. "ಸ್ವಲ್ಪ ಒಡಕು ಧ್ವನಿ," ಎಂದಳು. "ಹಾಡೋಕೆ ಶುರು ಮಾಡಿದ್ರೆ ಮನೆಯವರೆಲ್ಲ ಎದ್ದು ಹೋಗ್ತಿದ್ವಿ. ಅವಳಂತೂ ನಿಲ್ಲಿಸ್ತಾನೇ ಇರ್ಲಿಲ್ಲ."