ತುಟಿಯ ಎಡ ಮೂಲೆ

ನಿವೃತ್ತಿಯಾಗಲಿದ್ದ ಮುಖ್ಯೋಪಾಧ್ಯಾಯಿನಿಯ ಫೋಟೋದಲ್ಲಿ ಕಣ್ಣ ಕೆಳಗಿನ ಕಪ್ಪನ್ನು ತಿಳಿಯಾಗಿಸಿ, ಕೆನ್ನೆಗೆ ಹೌದೋ ಅಲ್ಲವೋ ಅನ್ನುವಷ್ಟು ಕೆಂಪು ಸವರಿ, ಬಣ್ಣದಮ್ಮ ತುಟಿಗೆ ಬಂದಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿದರೆ ಒಂದು ತುಟಿಯೇ ಉತ್ತ ನೆಲದ ಹಾಗೆ ಗೆರೆಗೆರೆಯಾಗಿ ಹರಡಿಕೊಳ್ಳುತ್ತದೆ. ಅಲ್ಲಿ ಬಣ್ಣ ಬಳಿಯುವುದು ದೊಡ್ಡ ವಿಷಯವಲ್ಲ, ಬಣ್ಣ ಎಲ್ಲಿ ನಿಲ್ಲಬೇಕು ಅನ್ನುವುದೇ ವಿಷಯ. ಅವಳು ಉಸಿರು ಬಿಗಿಹಿಡಿದು ಮೇಲ್ದುಟಿ ಮುಗಿಸಿದಳು, ಕೆಳದುಟಿಗೆ ಇಳಿದಳು. ಎಡ ಮೂಲೆಗೆ ಬಂದದ್ದೇ ತಡ, ಕೈಯಲ್ಲಿದ್ದ ಕಂಪ್ಯೂಟರಿನ ಪೆನ್ನು ತುಟಿ ಬಿಟ್ಟು ಕೆಳಗೆ ಜಾರಿತು. ಏನೂ ಇಲ್ಲದ ಚರ್ಮದ ಮೇಲೆ ಅಂಕುಡೊಂಕಾದ ಒಂದು ಸುತ್ತು ಹಾಕಿ, ಅದರೊಳಗೆ ಮೈಬಣ್ಣ ತುಂಬತೊಡಗಿತು.

"ಅಲ್ಲೇನಿದೆ ಅಂತ ಬಳೀತಿದ್ದೀರಾ ಬಣ್ಣದಮ್ಮ?" ಹಿಂದಿನಿಂದ ಸ್ಟುಡಿಯೋದ ಯಜಮಾನ ಕೇಳಿದ. ಆ ಹೆಸರಿಟ್ಟವನೂ ಅವನೇ. "ಟೀಚರಮ್ಮನಿಗೆ ಇಲ್ಲದ ಗಾಯಕ್ಕೆ ಪಟ್ಟಿ ಕಟ್ತಿದ್ದೀರಲ್ಲ."

"ಕೈ ಜಾರ್ತು."

"ನಿಮ್ಮ ಕೈ ಯಾವಾಗ್ಲೂ ಅದೇ ಜಾಗಕ್ಕೆ ಜಾರುತ್ತೆ. ಮೊನ್ನೆ ಆ ವಕೀಲರ ಗಡ್ಡದ ಮಧ್ಯೆ ಬಯಲು ಮಾಡಿಟ್ಟಿದ್ರಿ. ನಾನು ನೋಡ್ದೆ ಹೋಗಿದ್ರೆ ನಮ್ಮಿಬ್ಬರ ಮೇಲೂ ಕೇಸು ಹಾಕ್ತಿದ್ರು."

ಅವನು ನಗುತ್ತ ಕ್ಯಾಮೆರಾ ಕೋಣೆಗೆ ಹೋದ. ಬಣ್ಣದಮ್ಮ ಬಳಿದದ್ದನ್ನು ತೆಗೆದಳು. ಬೆನ್ನ ಹಿಂದೆ ಯಾರೂ ಇಲ್ಲವೆಂದು ಗೊತ್ತಿದ್ದೂ ಎಡ ಭುಜವನ್ನು ಮೆಲ್ಲಗೆ ಅಲುಗಿಸಿದಳು, ಅಲ್ಲಿ ಯಾರೋ ಗದ್ದ ಊರಿದ್ದಾರೇನೋ ಅನ್ನುವ ಹಾಗೆ.

ಹಾಗೆ ಊರುತ್ತಿದ್ದವಳು ಅಕ್ಕ. ಅವಳು ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಬಣ್ಣದಮ್ಮ ಈ ಕೆಲಸ ಕಲಿಯುತ್ತಿದ್ದ ಹೊಸತರಲ್ಲೇ ಅಕ್ಕನ ಕೆಳದುಟಿಯ ಎಡ ಮೂಲೆಯಲ್ಲಿ ಬಿಳಿ ಮಚ್ಚೆಯೊಂದು ಕಾಣಿಸಿಕೊಂಡಿತು. ಮೊದಲು ಸಾಸಿವೆಯಷ್ಟು, ಬರಬರುತ್ತ ತುಟಿ ದಾಟಿ ಗದ್ದಕ್ಕೆ ಇಳಿಯಿತು. ಅದಕ್ಕೊಂದು ಹೆಸರಿದೆ, ಮನೆಯಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನೋವಿಲ್ಲ, ಇನ್ನೊಬ್ಬರಿಗೆ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ತಾಯಿ ಕೇಳಿಸಿಕೊಂಡೂ ಕೇಳಿಸಿಕೊಳ್ಳದವರಂತೆ ಇದ್ದುಬಿಟ್ಟರು. ಅಕ್ಕ ತನ್ನ ಒಂದೊಂದು ಫೋಟೋವನ್ನೂ ತಂದು ತಂಗಿಯ ಮುಂದಿಡುತ್ತಿದ್ದಳು. "ಮುಚ್ಚು."

ಮುಚ್ಚಬೇಕಾದರೆ ಮೊದಲು ಅದರ ಅಂಚನ್ನು ಕೂದಲೆಳೆಯಷ್ಟೂ ತಪ್ಪದೆ ಗುರುತು ಹಾಕಬೇಕು. ಅಂಚು ಸರಿಯಿದ್ದರಷ್ಟೇ ಬಳಿದದ್ದು ಬಳಿದ ಹಾಗೆ ಕಾಣುವುದಿಲ್ಲ. ಹೀಗಾಗಿ ಅಕ್ಕ ಕನ್ನಡಿಯಲ್ಲೂ ನೋಡಲೊಲ್ಲದ ಆ ಮಚ್ಚೆಯ ಒಂದೊಂದು ತಿರುವೂ ತಂಗಿಯ ಕೈಗೆ ಬಾಯಿಪಾಠವಾಯಿತು. ಅಕ್ಕ ಅವಳ ಭುಜಕ್ಕೆ ಗದ್ದ ಊರಿ, "ಇನ್ನೂ ಚೂರು ಕೆಳಗೆ... ಹಾಂ, ಅಲ್ಲೇ" ಅನ್ನುತ್ತ ಕೂತಿರುತ್ತಿದ್ದಳು. ಕೊನೆಗೆ ಒಂದೇ ಮಾತು: "ಈಗ ಮೊದಲಿಂದನ್ನ ಅಳಿಸು. ನನ್ನ ಕಣ್ಣೆದುರಿಗೇ ಅಳಿಸು."

ಅಸಲಿ ಫೋಟೋವನ್ನು ಅಳಿಸಬಾರದು ಅನ್ನುವುದು ಈ ಕಸುಬಿನ ಮೊದಲ ಪಾಠ. ಬಣ್ಣದಮ್ಮ ಅಳಿಸಿದಳು, ಒಂದನ್ನೂ ಬಿಡದೆ. ಜ್ವರದಲ್ಲಿ ಮಲಗಿದ್ದ ಅಕ್ಕ, ಪಕ್ಕದಲ್ಲಿ ನಿದ್ದೆಹೋಗಿದ್ದ ಪುಟ್ಟ ಮಗಳ ಕಡೆ ಕಣ್ಣು ಹೊರಳಿಸಿ, "ಇವಳಿಗೆ ಗೊತ್ತಾಗೋದು ಬೇಡ ಕಣೇ. ನನ್ನ ಚೆಂದಾಗೇ ನೆನಪಿಟ್ಕೊಳ್ಳಲಿ" ಅಂದಾಗ, ಹೂಂ ಅಂದಳು. ಸಾಯುವವಳ ಮುಂದೆ ಬೇರೇನು ಅನ್ನಲಾಗುತ್ತದೆ?

ಆ ಮಗಳೇ ಗುಬ್ಬಿ. ತಂದೆ ಬೇರೆ ಸಂಸಾರ ಹೂಡಿದ ಮೇಲೆ ಅಜ್ಜಿ ಮತ್ತು ಚಿಕ್ಕಮ್ಮನ ನಡುವೆ ಬೆಳೆದವಳು. ಈಗ ಓದು ಮುಗಿಸಿ ಕೆಲಸ ಹುಡುಕುತ್ತಿದ್ದಳು. ಅವಳು ನಕ್ಕರೆ ಪಕ್ಕದ ಮನೆಯವರಿಗೂ ಯಾಕೆಂದು ತಿಳಿಯದೆ ನಗು ಬರಬೇಕು, ಅಂಥ ನಗು. ಕೆಲವು ವಾರಗಳಿಂದ ಅದು ನಿಂತಿತ್ತು. ಮಾತಾಡುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಹಲ್ಲುನೋವಿರಬೇಕು ಅಂದುಕೊಂಡಿದ್ದಳು ಬಣ್ಣದಮ್ಮ.

ಅಂದು ಮಧ್ಯಾಹ್ನ ಗುಬ್ಬಿ ಸ್ಟುಡಿಯೋಗೆ ಬಂದಳು. ಕೆಲಸದ ಅರ್ಜಿಗೆ ಫೋಟೋ ಬೇಕಿತ್ತು.

"ಕೈ ತೆಗಿಯಮ್ಮ," ಯಜಮಾನ ಕ್ಯಾಮೆರಾ ಹಿಂದಿನಿಂದ ಹೇಳುವುದು ಕೇಳಿಸಿತು. "ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಕೆಲಸ ಯಾರು ಕೊಡ್ತಾರೆ?"

ಕ್ಯಾಮೆರಾ ಒಂದೇ ಸಲ ಕ್ಲಿಕ್ಕೆಂದಿತು. ಅವನು ಫೋಟೋವನ್ನು ಬಣ್ಣದಮ್ಮನ ಕಂಪ್ಯೂಟರಿಗೆ ಕಳಿಸಿ, ಮುಖ ತಪ್ಪಿಸಿಕೊಂಡು ಊಟಕ್ಕೆ ಹೊರಟುಹೋದ.

ಬಣ್ಣದಮ್ಮ ಅದನ್ನು ದೊಡ್ಡದು ಮಾಡಿದಳು. ಎಡ ಮೂಲೆ. ಸಾಸಿವೆಯ ಗಾತ್ರವನ್ನು ದಾಟಿ, ತುಟಿಯ ಗಡಿಯಾಚೆ ಒಂದು ಕಾಲಿಟ್ಟಿತ್ತು. ಇಷ್ಟು ವರ್ಷ ಕಂಡಕಂಡವರ ಮುಖಗಳಲ್ಲಿ ತನ್ನ ಪೆನ್ನು ಹುಡುಕಾಡಿದ್ದು ಇಲ್ಲಿ ತಾನಾಗಿ ಬಂದು ಕೂತಿತ್ತು.

ಗುಬ್ಬಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಚಿಕ್ಕಮ್ಮ, ನಿಜ ಹೇಳ್ಬೇಕು. ಅಮ್ಮನಿಗೆ ಇದು ಇತ್ತಾ?"

"ಅಜ್ಜೀನ ಕೇಳಿದ್ಯಾ?"

"ಕೇಳ್ದೆ. ನಮ್ಮ ವಂಶದಲ್ಲೇ ಇಲ್ಲ, ನಿಮ್ಮಮ್ಮಂದು ಬೆಣ್ಣೆಯಂಥ ಮುಖ ಅಂದ್ರು. ಅಂದವರು ಹೋಗಿ ರೂಮಿನ ಬಾಗಿಲು ಹಾಕ್ಕೊಂಡ್ರು."

ಬಣ್ಣದಮ್ಮ ಬಾಯಿ ತೆರೆದಳು. ಎಡ ಭುಜ ಭಾರವಾಯಿತು. "ಇಲ್ಲ," ಅಂದಳು. ಬೇರೆ ಯಾರೋ ತನ್ನ ಬಾಯಿಂದ ಅಂದ ಹಾಗಿತ್ತು.

"ಹಾಗಾದ್ರೆ ನನಗೊಬ್ಬಳಿಗೇ." ಗುಬ್ಬಿ ಅಳಲಿಲ್ಲ. ಯಾರೂ ಇಲ್ಲದ ಮನೆಯ ಬಾಗಿಲು ಬಡಿದು ವಾಪಸಾದವಳಂತೆ ಕಂಡಳು. "ಸರಿ, ಮುಚ್ಚಿಬಿಡು."

"ಇದ್ರೆ ಏನೀಗ? ಹಾಗೇ ಕಳಿಸೋಣ."

"ಊರವರ ಮುಖ ಎಲ್ಲಾ ತೊಳೀತೀಯ, ಮನೆ ಮಗಳದ್ದು ಮಾತ್ರ ಆಗಲ್ವಾ?"

ಬಣ್ಣದಮ್ಮ ಪೆನ್ನು ಕೈಗೆತ್ತಿಕೊಂಡಳು. ಕಣ್ಣು ಗುರುತಿಸುವ ಮೊದಲೇ ಕೈ ಅಂಚನ್ನು ಸುತ್ತಿಬಂದಿತ್ತು. ಮೈಬಣ್ಣ ತುಂಬಿತು, ತುಟಿಗೆ ತುಟಿಯ ಬಣ್ಣ ಬಂತು, ಮಚ್ಚೆ ಮುಳುಗಿತು.

"ಅಬ್ಬಾ, ನೋಡದೇನೇ ಮಾಡ್ತೀಯಲ್ಲ!" ಗುಬ್ಬಿ ಮುಂದಕ್ಕೆ ಬಾಗಿ ಚಿಕ್ಕಮ್ಮನ ಭುಜಕ್ಕೆ ಗದ್ದ ಊರಿದಳು. "ಈಗ ಮೊದಲಿಂದನ್ನ ಅಳಿಸು. ನನ್ನ ಕಣ್ಣೆದುರಿಗೇ ಅಳಿಸು."

ಆ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪರದೆಯ ಕಪ್ಪು ಚೌಕಟ್ಟಿನಲ್ಲಿ ಭುಜದ ಮೇಲಿನ ಮುಖದ ನೆರಳು ಕಾಣುತ್ತಿತ್ತು. ಅದು ಇಂಥವರದೇ ಎಂದು ಆಣೆ ಮಾಡಿ ಹೇಳುವ ಹಾಗಿರಲಿಲ್ಲ. ತಿರುಗಿ ನೋಡುವ ಧೈರ್ಯ ಸಾಲದೆ ಬಣ್ಣದಮ್ಮ ಅಳಿಸಿದಳು.

ಸಂಜೆ ಬಣ್ಣದಮ್ಮ ಮನೆಗೆ ಬಂದಾಗ ಗುಬ್ಬಿ ಹಜಾರದಲ್ಲಿ ತಾಯಿಯ ಫೋಟೋದ ಮುಂದೆ ನಿಂತಿದ್ದಳು. ಕೈಯಲ್ಲಿ ಸಣ್ಣ ಕನ್ನಡಿ. ಒಮ್ಮೆ ಗೋಡೆ ನೋಡುವುದು, ಒಮ್ಮೆ ಕನ್ನಡಿ ನೋಡುವುದು.

"ಮೂಗು ಅವಳದೇ. ಹುಬ್ಬೂ ಅವಳದೇ," ಅಂದಳು. ತಮಾಷೆಯ ದನಿ ತಂದುಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, "ಇದ್ದಿದ್ರೆ ನನ್ನ ಜೊತೆ ಹೊರಗೆ ಬರೋಕೆ ನಾಚ್ಕೋತಿದ್ಲೇನೋ ಅಲ್ವಾ ಚಿಕ್ಕಮ್ಮ? ಅಷ್ಟು ಚೆಂದದವಳಿಗೆ ಇಂಥ ಮಗಳು."

"ದೀಪ ಹಚ್ಚೋ ಹೊತ್ತಲ್ಲಿ ಎಂಥಾ ಮಾತಾಡ್ತೀಯೇ!" ಅಡುಗೆಮನೆಯಿಂದ ಅಜ್ಜಿ ಗದರಿದರು. "ಬಾ, ತಟ್ಟೆ ಹಾಕು."

ಗುಬ್ಬಿ ಹೋದಳು. ಬಣ್ಣದಮ್ಮ ಚಪ್ಪಲಿ ಬಿಚ್ಚುವುದನ್ನೂ ಮರೆತು ಅಲ್ಲೇ ನಿಂತಳು. ನಗುತ್ತಿದ್ದ ಅಕ್ಕ, ಫೋಟೋದ ಮೂಲೆಯಲ್ಲಿ ಅವಳ ಸೆರಗು ಹಿಡಿದ ಮಗುವಿನ ಮುಷ್ಟಿ. ದಿನಾ ಕಣ್ಣಿಗೆ ಬೀಳುವ ಚಿತ್ರ. ಇವತ್ತು ಮೊದಲ ಸಲ ಅದರಲ್ಲಿ ಅಕ್ಕನ ಬದಲು ತನ್ನ ಕೆಲಸ ಕಾಣಿಸಿತು. ಎಡಗಡೆಯ ಚರ್ಮ ಬಲಗೆನ್ನೆಯಿಂದ ಎತ್ತಿ ತಂದದ್ದು. ನಕ್ಕಾಗ ಬೀಳಬೇಕಾದ ಗೆರೆ ಅಲ್ಲಿ ಬಿದ್ದೇ ಇರಲಿಲ್ಲ. ಈ ಮುಖದವಳು ಯಾವತ್ತೂ ಬದುಕಿರಲಿಲ್ಲ. ಗುಬ್ಬಿ ಇವಳೆದುರು ನಿಂತು ಕುಗ್ಗುತ್ತಿದ್ದಾಳೆ. ನಿಜವಾದ ಅಕ್ಕನನ್ನು ನೆನಪಿಗೆ ತಂದುಕೊಳ್ಳಲು ಕಣ್ಣು ಮುಚ್ಚಿದಳು. ಮುಖ ಬರಲಿಲ್ಲ. ಬೆರಳುಗಳು ಮಾತ್ರ ತಾವಾಗಿ ಆ ಮಚ್ಚೆಯ ಅಂಚನ್ನು ಗಾಳಿಯಲ್ಲಿ ಬಿಡಿಸಿದವು.

ಊಟವಾದ ಮೇಲೆ ಕುರ್ಚಿ ಹಾಕಿಕೊಂಡು ಫೋಟೋ ಇಳಿಸಿದಳು.

"ಅದನ್ಯಾಕೆ ಇಳಿಸ್ತಿದ್ದೀಯಾ?" ತಾಯಿ ಕೇಳಿದರು.

"ಗಾಜಿನೊಳಗೆ ಮಬ್ಬು ಹಿಡಿದಿದೆ. ಸರಿ ಮಾಡ್ಕೊಂಡು ಬರ್ತೀನಿ."

"ನನಗೇನೂ ಮಬ್ಬು ಕಾಣಲ್ಲಪ್ಪ."

"ಹಾಗಾದ್ರೆ ನಿನ್ನ ಕನ್ನಡಕಾನೂ ಕೊಡು, ಅದನ್ನೂ ಒರೆಸ್ಕೊಂಡು ಬರ್ತೀನಿ."

ಗುಬ್ಬಿಗೆ ನಗು ಬಂತು. ಬಂದಷ್ಟೇ ಬೇಗ ಕೈ ಬಾಯಿಗೆ ಹೋಯಿತು.

ಬಣ್ಣದಮ್ಮ ಹಳೆಯ ಹೊದಿಕೆಯೊಂದನ್ನು ನೆಲಕ್ಕೆ ಹಾಸಿ ಅದರ ಮೇಲೆ ಫೋಟೋ ಮಲಗಿಸಿದಳು. ಅಕ್ಕನ ಮುಖಕ್ಕೆ ಮರಳಿ ಬರೆಯಬೇಕಾದ ಮಚ್ಚೆ ಯಾವ ವರ್ಷದ್ದು ಅನ್ನುವುದಷ್ಟೇ ಯೋಚಿಸಬೇಕಿತ್ತು. ಸಾಸಿವೆಯಷ್ಟಿದ್ದಾಗಿನದ್ದಲ್ಲ, ಅದನ್ನು ಯಾರಾದರೂ ಗಾಜಿನ ಮೇಲಿನ ಚುಕ್ಕಿ ಅಂದುಕೊಂಡಾರು. ಗುಬ್ಬಿ ಸೆರಗು ಹಿಡಿದು ನಿಂತ ವರ್ಷದ್ದೇ ಸರಿ: ಗದ್ದಕ್ಕೆ ಇಳಿದಿತ್ತು, ಕೆಳಗಡೆ ಎರಡಾಗಿ ಕವಲೊಡೆದಿತ್ತು, ನಕ್ಕಾಗ ನಡುವೆ ಮಡಚಿಕೊಳ್ಳುತ್ತಿತ್ತು.

ಕಿವಿಯ ಹತ್ತಿರ, ಉಸಿರು ತಾಗುವಷ್ಟು ಹತ್ತಿರ, "ಬೇಡ ಕಣೇ" ಅಂದ ಹಾಗಾಯಿತು.

ಅವಳು ಹೊದಿಕೆಯ ನಾಲ್ಕೂ ಅಂಚುಗಳನ್ನು ಗಾಜಿನ ಮೇಲೆ ಮಡಚಿ, ಬಿಗಿಯಾಗಿ ಗಂಟು ಹಾಕಿ, ಬೆಳಿಗ್ಗೆ ಹೊರಡುವಾಗ ಕಣ್ಣಿಗೆ ಬೀಳುವ ಹಾಗೆ ಬಾಗಿಲ ಪಕ್ಕದ ಗೋಡೆಗೆ ಒರಗಿಸಿದಳು.