ಹೂಳು ಹೊತ್ತ ಬಾಂಡ್ಲಿ

ನಾನು ಒಂದು ಬಾಂಡ್ಲಿ. ಗಾರೆ, ಮಣ್ಣು ಹೊರುವ ಕಬ್ಬಿಣದ ಬಾಂಡ್ಲಿ. ಮೈಯೆಲ್ಲ ಬಾಯಿ, ನಾಲಿಗೆ ಮಾತ್ರ ಇಲ್ಲ. ಇದ್ದಿದ್ದರೆ ಈ ಕಥೆಯನ್ನು ನಿಮ್ಮ ಮುಂದೆ ಕೊರೆಯುತ್ತ ಕೂರುತ್ತಿರಲಿಲ್ಲ, ಹೇಳಬೇಕಾದವಳಿಗೇ ಹೇಳುತ್ತಿದ್ದೆ.

ಹಳೆಯ ಡ್ರಮ್ಮಿನ ತಗಡು ಕತ್ತರಿಸಿ ನನ್ನನ್ನು ಬಡಿದದ್ದು ಪಟ್ಟಣದ ಅಂಚಿನ ಒಂದು ಶೆಡ್ಡಿನಲ್ಲಿ. ಪಕ್ಕದ ಶೆಡ್ಡಿನವರು ನಲ್ಲಿ, ಬೋಲ್ಟುಗಳಿಗೆ ಹೊಳಪಿನ ಲೇಪ ಹಾಕುತ್ತಿದ್ದರು. ತೊಳೆದ ನೀರನ್ನೆಲ್ಲ ಮೋರಿಗೆ ಬಿಡುತ್ತಿದ್ದರು. ಆ ನೀರಿನೊಳಗಿಂದ ನನಗೆ ಪಿಸುಮಾತು ಕೇಳಿಸುತ್ತಿತ್ತು. ಕ್ರೋಮಿಯಂ, ಕ್ಯಾಡ್ಮಿಯಂ, ಸೀಸ, ಎಲ್ಲ ನಮ್ಮ ಕುಲದವರೇ. ಲೋಹದ ದನಿ ಲೋಹಕ್ಕೆ ಕೇಳಿಸುತ್ತದೆ, ಮನುಷ್ಯರಿಗೆ ಕೇಳಿಸುವುದಿಲ್ಲ. ಅವರು ಅಳುತ್ತಿರಲಿಲ್ಲ, ಯಾರನ್ನೂ ಬೈಯುತ್ತಿರಲಿಲ್ಲ. ಜಾತ್ರೆಗೆ ಹೊರಟವರ ಹಾಗೆ ಗುಸುಗುಸು ಅನ್ನುತ್ತ ಒಟ್ಟಾಗಿ ಹರಿದು ಹೋಗುತ್ತಿದ್ದರು. ಹಾಳಾಗಿ ಹೋಗಲಿ, ನನಗೇಕೆ ಎಂದು ನಾನೂ ಸುಮ್ಮನಿದ್ದೆ.

ಮೊದಲು ನನ್ನನ್ನು ಕೊಂಡವನು ಒಬ್ಬ ಗಾರೆ ಮೇಸ್ತ್ರಿ. ಸಿಮೆಂಟು ಹೊರಿಸಿ ಹೊರಿಸಿ ನನ್ನ ತಳ ಸವೆಸಿ, ಕೊನೆಗೆ ತನ್ನ ದೂರದ ಸಂಬಂಧಿ ಪಿಳ್ಳಮ್ಮನಿಗೆ ಕೊಟ್ಟುಬಿಟ್ಟ. ಪಿಳ್ಳಮ್ಮ ಗಂಡನಿಲ್ಲದ ಹೆಂಗಸು, ಹಳ್ಳದ ದಂಡೆಯಲ್ಲಿ ಸೊಪ್ಪು ಬೆಳೆದು ಪೇಟೆಗೆ ಹಾಕುವವಳು. ಗಟ್ಟಿಗಿತ್ತಿ. ಅವಳು ನನ್ನನ್ನು ನೆಲಕ್ಕೆ ಕುಕ್ಕಿದರೆ ಅರ್ಧ ಊರಿಗೆ ಕೇಳಿಸಬೇಕು.

ಹಳ್ಳದ ಮೇಲುಗಡೆ ಪಟ್ಟಣದ ಕೊಳಚೆ ನೀರನ್ನು ಶುದ್ಧಿ ಮಾಡುವ ಕೊಳಗಳಿದ್ದವು. ಆ ವರ್ಷ ಅವುಗಳ ಹೂಳೆತ್ತಿ ದಂಡೆಯ ಮೇಲೆ ರಾಶಿ ಹಾಕಿದರು. ಊರಿಗೆ ಊರೇ ಮುಗಿಬಿತ್ತು. ತಾತನ ಕಾಲದಿಂದ ಕೆರೆ ಹೂಳು ಹೊಡೆದೇ ಹೊಲ ಮಾಡಿದ ಜನ, ಕಪ್ಪು ಮಣ್ಣು ಕಂಡರೆ ಬಿಡುತ್ತಾರೆಯೇ? "ಪುಕ್ಸಟ್ಟೆ ಗೊಬ್ಬರ ಕಣ್ರೇ, ಬನ್ರೇ!" ಎಂದು ಕೂಗುತ್ತ ಪಿಳ್ಳಮ್ಮ ನನ್ನೊಳಗೆ ಹೂಳು ತುಂಬಿದಳು. ನನ್ನ ಮೈ ತಣ್ಣಗಾಯಿತು. ಅವರೇ! ಅಂದು ಮೋರಿಗಿಳಿದವರೆಲ್ಲ ಅಲ್ಲಿ ಒತ್ತೊತ್ತಾಗಿ ಕೂತಿದ್ದರು.

ಸೊಪ್ಪು ಬಂತು ನೋಡಿ, ಅಂಥ ಸೊಪ್ಪನ್ನು ಆ ಊರು ಕಂಡಿರಲಿಲ್ಲ. ಗಾಳಿಯಿಲ್ಲದ ಮಧ್ಯಾಹ್ನ ಮಡಿಯ ಅಂಚಿನಲ್ಲಿ ಬೋರಲು ಬಿದ್ದಿದ್ದ ನನಗೆ, ಅವರು ಬೇರಿನಿಂದ ಕಾಂಡಕ್ಕೆ, ಕಾಂಡದಿಂದ ಎಲೆಗೆ ಹತ್ತುವುದು ಕೇಳಿಸುತ್ತಿತ್ತು. ನಿಜ ಹೇಳುತ್ತೇನೆ, ಭಯವಾಗುತ್ತಿತ್ತು.

ಕಾಲೇಜಿನವರು ಯಾರೋ ಬಂದು ಮಣ್ಣು, ಸೊಪ್ಪು ಒಯ್ದು ಪರೀಕ್ಷೆ ಮಾಡಿಸಿದರು. ಮತ್ತೆ ಬಂದು, "ಇದ್ರಲ್ಲಿ ಸೀಸ ಇದೆ ಅಮ್ಮ. ತೊಳೆದ್ರೂ ಹೋಗಲ್ಲ, ಬೇಯಿಸಿದ್ರೂ ಹೋಗಲ್ಲ. ಎಳೇ ಮಕ್ಕಳ ಮಿದುಳಿಗೇ ಕೆಟ್ಟದ್ದು" ಅಂದರು.

ಪಿಳ್ಳಮ್ಮ ಮನೆಯ ಕಡೆ ತಿರುಗಿ ನೋಡಿದಳು. ಮಗಳು ನೇತ್ರಾ ಚೊಚ್ಚಲ ಹೆರಿಗೆಗೆಂದು ಮನೆಗೆ ಬಂದಿದ್ದಳು. ಮದುವೆಯಾಗಿ ಎಷ್ಟೋ ವರ್ಷ ಕಾದು, ಕಂಡ ದೇವರಿಗೆಲ್ಲ ಹರಕೆ ಹೊತ್ತು ನಿಂತ ಬಸಿರು ಅದು. ಅವತ್ತೇ ಪಿಳ್ಳಮ್ಮ ಹಿತ್ತಲಲ್ಲಿ ಬೇರೆ ಮಣ್ಣು ಹಾಕಿ, ಬೋರ್‌ವೆಲ್ ನೀರು ಬಿಟ್ಟು ಮನೆಗಂತ ಒಂದು ಮಡಿ ಮಾಡಿದಳು.

"ದಂಡೇದು ಏನ್ ಮಾಡ್ತೀಯಮ್ಮ?" ನೇತ್ರಾ ಕೇಳಿದಳು.

"ಅದು ಪೇಟೆಗೆ. ಪೇಟೆಯೋರು ಯಾರೋ ಏನೋ, ನಮಗೇನ್ ಗುರುತಾ? ನಿನ್ ಮಗು ಚೆನ್ನಾಗಿದ್ರೆ ಸಾಕು, ಸುಮ್ನಿರೇ."

ನನಗೆ ಹೇಸಿಗೆಯಾಯಿತು. ಆದರೂ ಆ ತಾಯಿಯನ್ನು ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು.

ಹೆಣ್ಣುಮಗು ಹುಟ್ಟಿತು. ಅಷ್ಟರಲ್ಲಿ ನನ್ನ ಅಂಚು ಸೀಳಿ ಹೊರುವುದಕ್ಕೆ ಬಾರದವನಾಗಿದ್ದೆ. ಕೆಂಡ ತುಂಬಿ, ಸಾಂಬ್ರಾಣಿ ಹಾಕಿ ನನ್ನನ್ನು ಬಾಣಂತಿ ಕೋಣೆಯಲ್ಲಿಟ್ಟರು. ಅಲ್ಲಿ ಯಾವ ಪಿಸುಮಾತೂ ಇರಲಿಲ್ಲ. ಮಂಚದಿಂದ ಇಳಿಬಿದ್ದ ನೇತ್ರಾಳ ಪಾದ, ಮಗುವಿನ ಉಸಿರು, ಇಷ್ಟೇ. ಮುದಿತನಕ್ಕೆ ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡೆ.

ಒಂದು ಸಂಜೆ ಅಳಿಯ ವೆಂಕಟಾಚಲ ಮಗುವನ್ನು ನೋಡಲು ಬಂದ. ಕೈಚೀಲವನ್ನು ನನ್ನ ಪಕ್ಕದಲ್ಲೇ ಇಟ್ಟ. "ಹಾಲು ಬರ್ಲಿ ಅಂತ ಸಬ್ಬಸಿಗೆ ತಂದಿದೀನಿ ಅತ್ತೆ. ನಿಮ್ ದಂಡೇದು ಬೇಡ ಅಂದಿದ್ರಲ್ಲ, ಪೇಟೇಲಿ ಹುಡುಕಿ ಚೆನ್ನಾಗಿರೋದೇ ತಂದೆ."

"ಒಳ್ಳೇದ್ ಮಾಡಿದ್ರಿ ಬಿಡಿ. ಹಿತ್ತಲ ಸಬ್ಬಸಿಗೆ ಇನ್ನೂ ಎದ್ದೇ ಇಲ್ಲ" ಎಂದು ಪಿಳ್ಳಮ್ಮ ಹಿಗ್ಗಿದಳು.

ಚೀಲದೊಳಗಿಂದ ಗುಸುಗುಸು ಶುರುವಾಯಿತು. ವೆಂಕಟಾಚಲ ಅಲ್ಲೇ ಕೂತು ಕಟ್ಟು ಬಿಚ್ಚಿ ಸೊಪ್ಪು ಬಿಡಿಸಿಕೊಟ್ಟ. ಪಿಳ್ಳಮ್ಮ ಪಲ್ಯ ಮಾಡಿ, ಬಿಸಿ ಅನ್ನಕ್ಕೆ ತುಪ್ಪ ಹಾಕಿ ಬಡಿಸಿದಳು. ನೇತ್ರಾ ಬಾಯಿ ಚಪ್ಪರಿಸಿಕೊಂಡು ಉಂಡಳು. ಗುಸುಗುಸು ನೆಲದಿಂದ ಮಂಚಕ್ಕೇರಿತು. ನನ್ನೊಳಗೆ ಕೆಂಡವಿದ್ದರೂ ನಾನು ತಣ್ಣಗಿದ್ದೆ.

ಊಟವಾದ ಮೇಲೆ ಕಸ ಗುಡಿಸಲು ಬಂದ ಪಿಳ್ಳಮ್ಮನ ಕೈಗೆ ಕಟ್ಟಿನ ಬಾಳೆನಾರು ಸಿಕ್ಕಿತು. ಎರಡು ಸುತ್ತು ಸುತ್ತಿ, ತುದಿಯನ್ನು ಹಿಂದಕ್ಕೆ ಮಡಚಿ ಸಿಕ್ಕಿಸಿದ ಗುರುತು ನಾರಿನ ಮೇಲೆ ಹಾಗೇ ಇತ್ತು. ಸುತ್ತಮುತ್ತಲ ಊರುಗಳಲ್ಲಿ ಹಾಗೆ ಕಟ್ಟುವವಳು ಅವಳೊಬ್ಬಳೇ. ಪೊರಕೆ ಬಿಟ್ಟು, ನಾರು ಹಿಡಿದೇ ನನ್ನ ಪಕ್ಕದಲ್ಲಿ ಕೂತಳು.

ಮಗು ಎದ್ದು ಅತ್ತಿತು. ನೇತ್ರಾ ಎತ್ತಿಕೊಂಡು ಸೆರಗು ಸರಿಸಿದಳು.

"ಬೇಡ ಕಣೇ..." ಪಿಳ್ಳಮ್ಮ ಕೈ ಚಾಚಿದಳು.

"ಯಾಕಮ್ಮ? ಹಸಿದೈತೆ ಅದು."

ಪಿಳ್ಳಮ್ಮ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಹೊರಗೆ ಪೇಟೆಯ ಟೆಂಪೋ ಬಂದು ನಿಂತಿತು. "ಪಿಳ್ಳಕ್ಕಾ, ನಾಳೆಗೆ ಎಷ್ಟು ಕಟ್ಟು?" ಎಂದು ಡ್ರೈವರ್ ಕೂಗಿದ.

ಪಿಳ್ಳಮ್ಮ ಎದ್ದು ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಡ್ರೈವರ್ ಹಾರ್ನು ಹೊಡೆಯುತ್ತಲೇ ಇದ್ದ. ಮಗು ಕಣ್ಣು ಮುಚ್ಚಿಕೊಂಡು ಕುಡಿಯುತ್ತಲೇ ಇತ್ತು.