ಬ್ರಿಟಾ ಬಾಯಿ ಬಿಟ್ಟಳು

ಹಲಾಪಕ್ಕೆ ಬಂದ ಮೇಲೆ ಬ್ರಿಟಾಳಿಗೆ ಊಟ ಒಗ್ಗಿತು, ಖಾರ ಒಗ್ಗಿತು, ಸಂಜೆಯಾಗುವ ಹೊತ್ತಿಗೆ ಮಧ್ಯಾಹ್ನದ ಊಟಕ್ಕೆ ಕೂರುವುದೂ ಒಗ್ಗಿತು. ಒಗ್ಗದೆ ಉಳಿದದ್ದು ಮಾತೊಂದೇ. ಅಮೆರಿಕದ ಉತ್ತರದಲ್ಲಿರುವ, ಹಿಮ ಬೀಳುವ ಡುಲೂತ್ ಊರಿನಿಂದ ಒಂದು ವರ್ಷದ ಓದಿಗೆಂದು ಮೆಕ್ಸಿಕೋದ ಈ ಊರಿಗೆ ಬಂದ ಹುಡುಗಿ. ಸ್ಪ್ಯಾನಿಷ್ ಬರುತ್ತಿರಲಿಲ್ಲ ಎಂದಲ್ಲ, ವ್ಯಾಕರಣವನ್ನು ಅರೆದು ಕುಡಿದೇ ಬಂದಿದ್ದಳು. ಆದರೆ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ, ಕ್ರಿಯಾಪದದ ಬಾಲ ಸರಿಮಾಡಿ, ನಾಲಿಗೆಗೆ ತರುವಷ್ಟರಲ್ಲಿ ಗೆಳತಿಯರ ಹರಟೆ ಎಲ್ಲೋ ಹೋಗಿ ಮುಟ್ಟಿರುತ್ತಿತ್ತು. ಕಟ್ಟಿದ ವಾಕ್ಯವನ್ನು ಅವಳು ಹಾಗೇ ನುಂಗಿಕೊಳ್ಳುತ್ತಿದ್ದಳು.

ಅವಳು ಉಳಿದುಕೊಂಡದ್ದು ದೋನ್ಯಾ ರೆಮೆದಿಯೋಸ್ ಅವರ ಮನೆಯಲ್ಲಿ. ಅವರು ಊರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ನಿವೃತ್ತ ಶಾಲಾ ಟೀಚರು. ಮಗಳು ಅರಾಸೆಲಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೀದಿಯ ಹೆಂಗಸರ ಫುಟ್‌ಬಾಲ್ ತಂಡ 'ಕೊಲಿಬ್ರೀಸ್'ಗೆ ಅವಳೇ ನಾಯಕಿ.

"ದೋನ್ಯಾ ರೆಮೆದಿಯೋಸ್ ಅವರೇ, ತಾವು ಅನುಮತಿಸುವುದಾದರೆ ನಾನು ಇನ್ನೊಂದು ತೋರ್ತಿಯಾವನ್ನು ಸ್ವೀಕರಿಸಲು ಇಚ್ಛಿಸುತ್ತೇನೆ" ಎಂದು ಬ್ರಿಟಾ ಊಟದ ನಡುವೆ ಕೇಳುವಳು.

"ಇವಳು ರೊಟ್ಟಿ ಕೇಳ್ತಿದಾಳೋ, ಕೋರ್ಟಿಗೆ ಅರ್ಜಿ ಹಾಕ್ತಿದಾಳೋ" ಎಂದು ಅರಾಸೆಲಿ ನಗುವಳು.

"ಸುಮ್ನಿರೇ, ನಿನಗಿಂತ ಶುದ್ಧವಾಗಿ ಮಾತಾಡ್ತಾಳೆ. ತಗೋ ಮಗಳೇ, ಎರಡು ತಗೋ" ಎಂದು ದೋನ್ಯಾ ರೆಮೆದಿಯೋಸ್ ಬಟ್ಟೆಯಲ್ಲಿ ಸುತ್ತಿಟ್ಟ ಬಿಸಿ ತೋರ್ತಿಯಾಗಳನ್ನು ಅವಳ ಮುಂದೆ ಸರಿಸುವರು.

ಒಂದು ಭಾನುವಾರ ಊಟಕ್ಕೆ ಮಾರಿಬೆಲ್ ಬಂದಿದ್ದಳು. ಅವಳೂ ಕೊಲಿಬ್ರೀಸ್ ತಂಡದವಳೇ, ರಕ್ಷಣೆಯ ಸಾಲಿನಲ್ಲಿ ಆಡುವವಳು. ತಂಡದ ಗೋಲ್‌ಕೀಪರ್ ಹುಡುಗಿ ಪುಯೆಬ್ಲಾ ನಗರದಲ್ಲಿ ಕೆಲಸ ಸಿಕ್ಕಿ ಊರು ಬಿಟ್ಟಿದ್ದಳು. ಪಕ್ಕದ ಊರು ಕೊವಾತೆಪೆಕ್‌ನವರ ಮೇಲಿನ ಪಂದ್ಯ ಹತ್ತಿರ ಬಂದಿತ್ತು. ಕೊಲಿಬ್ರೀಸ್ ಅವರೆದುರು ಸೋಲದೆ ಬಂದ ಉದಾಹರಣೆಯೇ ಇರಲಿಲ್ಲ.

"ಗೋಲಿಗೆ ನೀನೇ ನಿಲ್ಲು" ಎಂದಳು ಅರಾಸೆಲಿ.

"ನಾನಾ? ನಿಮ್ಮಮ್ಮನ್ನ ನಿಲ್ಲಿಸು, ನನಗಿಂತ ವಾಸಿ" ಎಂದಳು ಮಾರಿಬೆಲ್.

ಅರಾಸೆಲಿ ಕೈಯಲ್ಲಿದ್ದ ಬೆಣ್ಣೆಹಣ್ಣನ್ನು ಅವಳತ್ತ ಬೀಸಿ ಎಸೆದಳು. ಹಣ್ಣು ಮಾರಿಬೆಲ್‌ವರೆಗೆ ಹೋಗಲೇ ಇಲ್ಲ. ನಡುವೆ ಕೂತಿದ್ದ ಬ್ರಿಟಾ, ಸಾರಿನ ಬಟ್ಟಲಿನಿಂದ ಕಣ್ಣೂ ಎತ್ತದೆ, ಎಡಗೈ ಚಾಚಿ ಅದನ್ನು ಗಾಳಿಯಲ್ಲೇ ಹಿಡಿದಿದ್ದಳು.

ಅರಾಸೆಲಿ ಮೆಲ್ಲಗೆ ಒಂದು ನಿಂಬೆಹಣ್ಣು ಎತ್ತಿಕೊಂಡು ಮೂಲೆಗೆ ಎಸೆದಳು. ಬ್ರಿಟಾ ಅದನ್ನೂ ಹಿಡಿದಳು. ಈರುಳ್ಳಿ ಎಸೆದಳು, ಅದೂ ಸಿಕ್ಕಿತು. ಟೊಮೆಟೊಗೆ ಕೈಹಾಕಿದಾಗ ಅಮ್ಮ ಮಣಿಕಟ್ಟಿಗೆ ಒಂದು ಕೊಟ್ಟರು.

"ಎಲ್ಲಿ ಕಲಿತೆ ಇದನ್ನ?" ಎಂದಳು ಅರಾಸೆಲಿ.

"ನಮ್ಮ ಊರಿನಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯಲ್ಲಿ ನಾನು ಗೋಲ್‌ಕೀಪರ್ ಆಗಿದ್ದೆನು" ಎಂದಳು ಬ್ರಿಟಾ.

"ಇಷ್ಟು ದಿನ ಯಾಕೆ ಹೇಳಲಿಲ್ಲ ಮಾರಾಯ್ತಿ?"

"ತಾವು ಕೇಳಲಿಲ್ಲವಲ್ಲ."

ಮರುದಿನವೇ ಅವಳನ್ನು ಮೈದಾನಕ್ಕೆ ಎಳೆದೊಯ್ದರು. ಮಂಜಿನಲ್ಲಿ ನೆನೆದ ಹುಲ್ಲು, ಆಚೆ ಕಾಣುವ ಗುಡ್ಡ, ಹರಿದ ಬಲೆ. ಬ್ರಿಟಾಳ ಕಾಲುಗಳಿಗೆ ತಾವೇನು ಮಾಡಬೇಕೆಂಬುದು ತಕ್ಷಣ ನೆನಪಾಯಿತು. ಒದ್ದ ಚೆಂಡೆಲ್ಲ ಅವಳ ಕೈಗೆ, ಮೊಣಕಾಲಿಗೆ, ಎದೆಗೆ ಬಂದು ಬಡಿಯಿತು. ಹಲಾಪಕ್ಕೆ ಬಂದಾಗಿನಿಂದ ಮೊದಲ ಬಾರಿಗೆ ಅವಳಿಗೆ ಯೋಚಿಸದೆ ಉಸಿರಾಡಿದಂತೆ ಅನಿಸಿತು. ಅಷ್ಟರಲ್ಲಿ ಮಾರಿಬೆಲ್ ಮತ್ತು ಇನ್ನೊಬ್ಬಳು ಒಂದೇ ಚೆಂಡಿಗೆ ಓಡಿ ಹಣೆಗೆ ಹಣೆ ಗುದ್ದಿಕೊಂಡರು.

"ಗ್ವೆರಾ, ಕೂಗಬೇಕು ಕಣೇ" ಎಂದಳು ಅರಾಸೆಲಿ. ಬಿಳಿ ಹುಡುಗಿ ಎಂಬ ಅರ್ಥದಲ್ಲಿ ಊರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ. "ಇಡೀ ಮೈದಾನ ಕಾಣೋದು ನಿನಗೊಬ್ಬಳಿಗೇ. ಯಾರು ಬಿಡಬೇಕು, ಯಾರು ಹೋಗಬೇಕು ಅಂತ ನೀನೇ ಹೇಳಬೇಕು."

ಮುಂದಿನ ಚೆಂಡು ಬಂತು. ಬ್ರಿಟಾ ಗಂಟಲು ಸರಿಮಾಡಿಕೊಂಡಳು. "ಮಾರಿಬೆಲ್ ಅವರೇ, ದಯಮಾಡಿ ತಾವು ಎಡಭಾಗಕ್ಕೆ ಸರಿಯುವಿರೆಂದು..."

ಚೆಂಡು ಬಲೆಯೊಳಗೆ ಹೋಗಿ ಕೂತಿತ್ತು. ಮಾರಿಬೆಲ್ ಹೊಟ್ಟೆ ಹಿಡಿದು ಹುಲ್ಲಿನ ಮೇಲೆ ಬಿದ್ದಳು. ಆವತ್ತಿನಿಂದ ತಂಡದಲ್ಲಿ ಯಾರೂ ಯಾರನ್ನೂ ಏಕವಚನದಲ್ಲಿ ನೀರಿನ ಬಾಟಲಿ ಕೇಳಲಿಲ್ಲ. "ತಾವು ಬಾಟಲಿಯನ್ನು ದಯಪಾಲಿಸಬೇಕು" ಎನ್ನುವುದು, ಬಿದ್ದು ಬಿದ್ದು ನಗುವುದು. ಬ್ರಿಟಾಳೂ ನಕ್ಕಳು. ಆದರೆ ಕಿವಿ ಕೆಂಪಾಗಿತ್ತು.

ದೋನ್ಯಾ ರೆಮೆದಿಯೋಸ್ ಅದಕ್ಕೊಂದು ಮದ್ದು ಮಾಡಿದರು. ಮನೆಯ ಗ್ಯಾಸ್ ಮುಗಿದಿತ್ತು. ಗ್ಯಾಸಿನ ಗಾಡಿ ಬೀದಿಯಲ್ಲಿ ಬರುತ್ತಿದ್ದಂತೆ ಕೂಗಿ ನಿಲ್ಲಿಸಬೇಕು, ಇಲ್ಲದಿದ್ದರೆ ಅದು ಹೋಗುತ್ತಲೇ ಇರುತ್ತದೆ.

"ಇವತ್ತು ನೀನು ಕೂಗು" ಎಂದು ಅವಳನ್ನು ತಾರಸಿಗೆ ಕಳಿಸಿದರು.

ಗಾಡಿ ಬಂತು. ಬ್ರಿಟಾ "ಸ್ವಾಮಿ" ಎಂದಳು. ಗಾಡಿ ಹೋಯಿತು. ಆವತ್ತು ಮನೆಯಲ್ಲಿ ತಣ್ಣನೆಯ ಬೀನ್ಸು.

"ನಾಳೆನೂ ಇದೇ ತಿನ್ನೋದಾ?" ಎಂದಳು ಅರಾಸೆಲಿ.

"ತಿನ್ನೋಣ. ಅವಳು ಕೂಗೋವರೆಗೂ ತಿನ್ನೋಣ" ಎಂದರು ಅಮ್ಮ.

ಮಾರನೆಯ ದಿನ ಗಾಡಿಯ ಸದ್ದು ಕೇಳಿದ್ದೇ ಬ್ರಿಟಾ ಮೆಟ್ಟಿಲು ಹತ್ತಿ ಓಡಿ, ಗೋಡೆಯ ಮೇಲೆ ಬಗ್ಗಿ, "ಗ್ಯಾಆಆಸ್" ಎಂದು ಕಿರುಚಿದಳು. ಗಾಡಿ ಗಕ್ಕನೆ ನಿಂತಿತು. ಎದುರು ಮನೆಯ ನಾಯಿ ಎದ್ದು ಕೂತಿತು. ಕೆಳಗೆ ಅಡುಗೆಮನೆಯಲ್ಲಿ ತಾಯಿ ಮಗಳು ಚಪ್ಪಾಳೆ ತಟ್ಟಿದರು.

ಪಂದ್ಯದ ದಿನ ಸಣ್ಣ ಜಿನುಗು ಮಳೆ. ಕೊವಾತೆಪೆಕ್ ತಂಡದ ಯೆಸೆನಿಯಾ ಎತ್ತರದ ಆಳು, ಓಡಿದರೆ ಕುದುರೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಅವಳು ಮಾರಿಬೆಲ್‌ಳ ಬೆನ್ನ ಹಿಂದಿನಿಂದ ನುಸುಳಿದಳು. ಬ್ರಿಟಾಳಿಗೆ ಕಂಡಿತು. ಹೇಳಬೇಕಾದ ಮಾತೂ ಗೊತ್ತಿತ್ತು. ಆದರೆ ಅದು ಬಾಯಿಗೆ ಬರುವಷ್ಟರಲ್ಲಿ ಗೋಲಾಗಿ ಹೋಗಿತ್ತು.

ಮಾರಿಬೆಲ್ ತಿರುಗಿ ನೋಡಿದಳು. "ನಿಂಗೆ ಕಾಣಿಸ್ತಲ್ಲ? ಹೇಳಬಾರದಾ?"

ಸಿಟ್ಟಿನ ಮಾತಲ್ಲ ಅದು. ಸಿಟ್ಟಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಗೆರೆಯಾಚೆ ಕೊಡೆ ಹಿಡಿದು ನಿಂತಿದ್ದ ದೋನ್ಯಾ ರೆಮೆದಿಯೋಸ್, "ಮಗಳೇ, ಗ್ಯಾಸಿನ ಗಾಡಿ ಹೋಗ್ತಾ ಇದೆ ಅನ್ಕೋ" ಎಂದು ಕೂಗಿದರು.

ಯೆಸೆನಿಯಾ ಮತ್ತೆ ಅದೇ ದಾರಿಯಲ್ಲಿ ನುಗ್ಗಿದಳು.

"ಲೇ ಮಾರಿಬೆಲ್, ಹಿಂದೆ! ಹಿಂದೆ ನೋಡೇ! ಎಡಕ್ಕೆ ಹೋಗು!"

ಆ ದನಿ ಎಲ್ಲಿಂದ ಬಂತೆಂದು ಬ್ರಿಟಾಳಿಗೇ ತಿಳಿಯಲಿಲ್ಲ. ಕ್ರಿಯಾಪದ ಸರಿಯಿತ್ತೋ ಇಲ್ಲವೋ, ಮಾರಿಬೆಲ್ ಎಡಕ್ಕೆ ಹೋದಳು, ಚೆಂಡು ಗೆರೆಯಾಚೆ ಹೋಯಿತು. ಆಮೇಲೆ ಬಾಯಿ ನಿಲ್ಲಲೇ ಇಲ್ಲ. ಬಿಡು, ನನ್ನದು. ನೀನು ಮುಂದೆ ಹೋಗು. ಅಲ್ಲೇನು ನಿದ್ದೆ ಮಾಡ್ತಿದೀಯಾ. ಕೊನೆಯದನ್ನು ಕೇಳಿ ಅರಾಸೆಲಿ ಓಡುತ್ತಲೇ ತಿರುಗಿ ನೋಡಿ ಎಡವಿದಳು. ಎದ್ದವಳೇ ಮುಂದಿನ ಚೆಂಡನ್ನು ತಲೆಯಿಂದ ಹೊಡೆದು ಗೋಲು ಸಮ ಮಾಡಿದಳು.

ಆಟ ಮುಗಿಯುವ ಹೊತ್ತಿಗೆ ಚೆಂಡು ಮಾರಿಬೆಲ್‌ಳ ಕೈಗೆ ತಗುಲಿತು. ಪೆನಾಲ್ಟಿ. ಯೆಸೆನಿಯಾ ಚೆಂಡು ಇಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಯಾವ ಮೂಲೆಗೆ ಬೇಕು ಹೇಳು ಗ್ವೆರಾ, ಅಲ್ಲಿಗೇ ಹಾಕ್ತೀನಿ. ಮಾತು ಅರ್ಥ ಆಗುತ್ತೆ ತಾನೇ?"

"ಆಗುತ್ತೆ. ಬೇಗ ಒದಿ, ನಂಗೆ ಹಸಿವಾಗಿದೆ."

ರೆಫರಿ ಸೀಟಿ ಊದಬೇಕಾದವನು ನಗು ತಡೆಯಲು ಆಚೆ ತಿರುಗಿ, ಆಮೇಲೆ ಊದಿದ. ಯೆಸೆನಿಯಾ ಒದ್ದಳು. ಬ್ರಿಟಾ ಹಾಕಿಯಲ್ಲಿ ಮಾಡುತ್ತಿದ್ದಂತೆ ಎರಡೂ ಕಾಲು ಅಗಲಿಸಿ ನೆಲಕ್ಕೆ ಕುಸಿದಳು. ಚೆಂಡು ಅವಳ ಬೂಟಿಗೆ ಬಡಿದು ಮೇಲೆ ಹಾರಿ, ಗೋಲಿನ ಬಾಯಲ್ಲೇ ಕೆಸರಿಗೆ ಬಿತ್ತು. ಅವಳಿಗೆ ಏಳಲಾಗಲಿಲ್ಲ.

"ಮಾರಿಬೆಲ್, ಒದಿಯೇ! ಎಲ್ಲಿಗಾದ್ರೂ ಒದಿ!"

ಮಾರಿಬೆಲ್ ಒದ್ದಳು. ಚೆಂಡು ಬೇಲಿ ದಾಟಿ ರಸ್ತೆಗೆ ಹೋಯಿತು. ಆಟ ಮುಗಿದ ಸೀಟಿ ಕೇಳಿತು.

ಬರೀ ಸಮ ಆಟ. ಆದರೆ ಕೊಲಿಬ್ರೀಸ್ ಹುಡುಗಿಯರು ಕಪ್ ಗೆದ್ದವರಂತೆ ಬ್ರಿಟಾಳ ಮೇಲೆ ಬಿದ್ದರು. ದೋನ್ಯಾ ರೆಮೆದಿಯೋಸ್ ಕೊಡೆ ಬಿಸಾಕಿ ಕೆಸರಿಗೇ ಇಳಿದು ಬಂದು, ಸಿಕ್ಕಿದ ತಲೆಗೆಲ್ಲ ಮುತ್ತು ಕೊಟ್ಟರು.

ಆಮೇಲೆ ಮೂಲೆಯ ಅಂಗಡಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಮೆಕ್ಕೆಜೋಳದ ಖಾರದ ಗಂಜಿ ಹೀರುತ್ತಿದ್ದರು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು, ಕೇಳುವವರು ಯಾರೂ ಇರಲಿಲ್ಲ.

"ಮೊದಲನೇ ಗೋಲು ಗ್ವೆರಾಳದ್ದೇ ತಪ್ಪು" ಎಂದಳು ಮಾರಿಬೆಲ್. "ನಾನಾಗಿದ್ರೆ..."

"ನೀನಾಗಿದ್ರೆ ಏನು?" ಬ್ರಿಟಾ ಅವಳ ಮಾತನ್ನು ಅರ್ಧಕ್ಕೇ ಕತ್ತರಿಸಿದಳು. "ನಿನ್ನ ಬೆನ್ನಿಗೆ ಕಣ್ಣಿಲ್ಲ ಸರಿ, ಕತ್ತೂ ಇಲ್ವಾ? ತಿರುಗಿಸಿ ನೋಡೋಕಾಗಲ್ವಾ? ಆ ಕೈ ಬೇರೆ ಯಾಕೆ ಚಾಚಿದೆ, ಬಸ್ಸಿಗೆ ಅಡ್ಡ ಹಾಕ್ತಿದ್ಯಾ?"

ಅಂಗಡಿಯವನು ಬಂದು ಇನ್ನೊಂದು ಬಟ್ಟಲು ಬೇಕೇ ಎಂದು ಕೇಳಿದ.

"ಬೇಕು. ಸ್ವಲ್ಪ ಇರಿ, ಇವಳಿಗೆ ಹೇಳೋದು ಇನ್ನೂ ಮುಗಿದಿಲ್ಲ" ಎಂದಳು ಬ್ರಿಟಾ, ಮತ್ತು ಮಾರಿಬೆಲ್ ಕಡೆಗೆ ತಿರುಗಿದಳು.